ಮೆತ್ತಗಾದ ಕ್ಲಚ್ಚು

ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿ ಕಾನಸೂರೆಂಬುದು ಸಣ್ಣದೊಂದು ಪೇಟೆಯುಳ್ಳ ಹಳ್ಳಿ. ಡಾಂಬರು ರಸ್ತೆಯ ಎರಡು ಮಗ್ಗುಲಿನ ಅಂಗಡಿಗಳ ಸಾಲು ಮುಗಿಯುತ್ತಲೇ ಸೊಪ್ಪಿನ ಬೆಟ್ಟ ಮೊದಲಾಗುತ್ತದೆ; ಬೆಟ್ಟದ ಬುಡದಲ್ಲಿ ಅಡಕೆಯ ತೋಟ, ತೋಟದ ತಲೆಯಲ್ಲಿ ಮನೆ. ಹೀಗೆ ಕಣಿವೆಗೆ ಒಂದೆರಡು ಮನೆಗಳಂತೆ ಹರಡಿಕೊಂಡಿರುವ ಆ ಸೀಮೆಯಲ್ಲಿ, ಮನೆಗೂ ದೊಡ್ಡ ರಸ್ತೆಗೂ ನಡುವಣ ಕೆಮ್ಮಣ್ಣಿನ ಏರಿಳಿತವನ್ನು ಮಳೆಗಾಲದಲ್ಲಿಯೂ ದಾಟಿಸಬಲ್ಲ ವಾಹನವೆಂದರೆ ಬಹುಕಾಲದವರೆಗೆ ಜೀಪೊಂದೇ ಆಗಿತ್ತು. ಅಡಕೆಯ ಮೂಟೆ ಶಿರಸಿಯ ಪೇಟೆಗೆ ಹೋಗುವುದೂ ಅದರಲ್ಲಿ, ಮದುವೆಯ ದಿಬ್ಬಣ ಹೊರಡುವುದೂ ಅದರಲ್ಲಿ, ನಡುರಾತ್ರಿಯಲ್ಲಿ ನೋವು ತಿನ್ನುತ್ತಿರುವ ಗರ್ಭಿಣಿಯನ್ನು ಆಸ್ಪತ್ರೆಗೆ ಒಯ್ಯುವುದೂ ಅದರಲ್ಲಿಯೇ. ಈ ದಿನ ನಾವು ಎತ್ತಿಕೊಂಡಿರುವ ವಿಷಯ, ಎಂಜಿನು ಬದಲಾದ ವಾಹನದಲ್ಲಿ ಕ್ಲಚ್ಚಿನ ಪೆಡಲು ಮೆತ್ತಗಾದರೆ ಕಾರಣವನ್ನು ಹುಡುಕುವ ಬಗೆ. ಪಟ್ಟಣದ ಶ್ರೋತೃಗಳಿಗೆ ಇದು ಬರಿಯ ಗ್ಯಾರೇಜಿನ ಮಾತೆಂದು ತೋರಬಹುದು. ಆದರೆ ಜೀಪು ಮನೆಯ ಕಾಲಾಗಿರುವ ಊರುಗಳಲ್ಲಿ ಅದರ ಕ್ಲಚ್ಚು ಕೈಕೊಟ್ಟಿತೆಂದರೆ ಮನೆಯೇ ಕುಂಟಿತೆಂದು ಅರ್ಥ.

ಎಂಜಿನು ಬದಲಾಗುವುದು ಏಕೆ ಎಂಬುದನ್ನು ಮೊದಲು ಒಂದೆರಡು ಮಾತಿನಲ್ಲಿ ಹೇಳಬೇಕು. ಎರಡನೆಯ ಮಹಾಯುದ್ಧ ಮುಗಿದಮೇಲೆ ಸೈನ್ಯದ ಉಳಿಕೆಯ ವಿಲ್ಲೀಸ್ ಜೀಪುಗಳು ನಮ್ಮ ದೇಶದ ಸಾಮಾನ್ಯ ಜನರ ಕೈಗೆ ಬಂದವು. 1947ರಿಂದೀಚೆಗೆ ಮುಂಬಯಿಯ ಮಹೀಂದ್ರ ಕಂಪನಿಯವರು ಅದೇ ಜಾತಿಯ ಜೀಪುಗಳನ್ನು ಇಲ್ಲಿಯೇ ಜೋಡಿಸತೊಡಗಿದರು. ಇವುಗಳ ಎಂಜಿನು ಪೆಟ್ರೋಲಿನದು. ಗಾತ್ರ ಸುಮಾರು 2200 ಘನ ಸೆಂಟಿಮೀಟರು. ಬಲಕ್ಕೆ ಕೊರತೆಯಿಲ್ಲ, ಹಸಿವಿಗೂ ಕೊರತೆಯಿಲ್ಲ. ಪೆಟ್ರೋಲಿಗೂ ಡೀಸೆಲಿಗೂ ಬೆಲೆಯ ಅಂತರ ಹೆಚ್ಚಿದ್ದ ದಶಕಗಳಲ್ಲಿ, ತೋಟದ ಯಜಮಾನನು ಲೆಕ್ಕಹಾಕಿ ನೋಡಿ, ಗಟ್ಟಿಮುಟ್ಟಾದ ಹಳೆಯ ಮೈಗೆ ಡೀಸೆಲ್ ಎಂಜಿನನ್ನು ಕೂರಿಸಿಕೊಂಡನು. ಮಹೀಂದ್ರ ಕಂಪನಿಯೇ ಮುಂದೆ ಇಂಟರ್‌ನ್ಯಾಷನಲ್ ಟ್ರಾಕ್ಟರಿನ ವಂಶದ ಡೀಸೆಲ್ ಎಂಜಿನನ್ನೂ, ಅನಂತರ ಫ್ರಾನ್ಸಿನ ಪ್ಯೂಜೋ ಕಂಪನಿಯ ವಿನ್ಯಾಸದ 2112 ಘನ ಸೆಂಟಿಮೀಟರಿನ ಎಂಜಿನನ್ನೂ ತನ್ನ ಜೀಪುಗಳಿಗೆ ಹಾಕಿತು. ಅಪಘಾತದಲ್ಲಿ ಮೈ ಜಜ್ಜಿಹೋದ ಇಂತಹ ಗಾಡಿಗಳಿಂದ ಬಿಚ್ಚಿದ ಎಂಜಿನುಗಳು ಗುಜರಿ ಅಂಗಡಿಗಳಲ್ಲಿ ದೊರೆಯುತ್ತಿದ್ದವು. ಇಂಥದನ್ನು ತಂದು ಹಳೆಯ ಜೀಪಿಗೆ ಕೂರಿಸುವುದು ನಮ್ಮ ಮೇಸ್ತ್ರಿಗಳ ಕೈಗೆ ಕಷ್ಟದ ಕೆಲಸವಾಗಿರಲಿಲ್ಲ.

ಕೂರಿಸಿದ ಎಂಜಿನು ಓಡುತ್ತದೆ, ಅದರಲ್ಲಿ ಸಂದೇಹವಿಲ್ಲ. ತೊಡಕು ಬರುವುದು ಎಂಜಿನಿಗೂ ಮೈಗೂ ನಡುವಣ ಸಂದುಗಳಲ್ಲಿ. ಅಂತಹ ಸಂದುಗಳಲ್ಲೆಲ್ಲ ಬಹು ನಾಜೂಕಾದುದು ಕ್ಲಚ್ಚು. ಹಳೆಯ ಜೀಪಿನಲ್ಲಿ ಪೆಡಲಿನಿಂದ ಕ್ಲಚ್ಚಿಗೆ ಕಬ್ಬಿಣದ ಸರಳು, ಸನ್ನೆ, ಕೇಬಲ್ಲುಗಳ ಮೂಲಕ ಒತ್ತಡ ಹೋಗುತ್ತಿತ್ತು. ಹೊಸ ಎಂಜಿನು ಕುಳಿತಮೇಲೆ ಆ ಸರಳುಗಳಿಗೆ ಜಾಗವಿರುವುದಿಲ್ಲ. ಇದ್ದರೂ ಅಳತೆ ಒದಗುವುದಿಲ್ಲ. ಆಗ ಮೇಸ್ತ್ರಿಯು ಎಣ್ಣೆಯಿಂದ ನಡೆಯುವ ಏರ್ಪಾಟನ್ನು ಮಾಡುತ್ತಾನೆ: ಪೆಡಲಿನ ಬಳಿ ಮಾಸ್ಟರ್ ಸಿಲಿಂಡರು, ಗೇರುಪೆಟ್ಟಿಗೆಯ ಬಳಿ ಸ್ಲೇವ್ ಸಿಲಿಂಡರು, ನಡುವೆ ತಾಮ್ರದ ಅಥವಾ ಉಕ್ಕಿನ ಕೊಳವೆ, ಕೊನೆಯಲ್ಲಿ ಒಂದು ಗೇಣು ರಬ್ಬರಿನ ಹೋಸು. ಈ ನಾಲ್ಕೂ ನಾಲ್ಕು ಗಾಡಿಗಳಿಂದ ಬಂದಿರುವುದುಂಟು.

ಇದರ ತತ್ತ್ವವನ್ನು ನಮ್ಮ ವಿದ್ಯಾರ್ಥಿಗಳು ಬಾಯಿಪಾಠವಾಗಿ ಬಲ್ಲರು. ಹದಿನೇಳನೆಯ ಶತಮಾನದ ಫ್ರೆಂಚ್ ವಿದ್ವಾಂಸನಾದ ಪ್ಯಾಸ್ಕಲನು ಹೇಳಿದಂತೆ, ಮುಚ್ಚಿದ ಪಾತ್ರೆಯ ದ್ರವದಲ್ಲಿ ಒಂದೆಡೆ ಒತ್ತಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಈ ತತ್ತ್ವವನ್ನು ಮೋಟಾರಿನ ಬ್ರೇಕಿಗೆ ತಂದವರಲ್ಲಿ ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ಎಂಬಾತನು ಮೊದಲಿಗನು. 1921ರ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ನಾಲ್ಕು ಚಕ್ರಗಳಿಗೂ ಎಣ್ಣೆಯ ಬ್ರೇಕು ಬಂದಿತು. ಕ್ಲಚ್ಚಿನಲ್ಲಿಯೂ ಅದೇ ಉಪಾಯ. ತರಗತಿಯಲ್ಲಿ ಸೂತ್ರವನ್ನು ತಪ್ಪಿಲ್ಲದೆ ಬರೆಯುವ ಹುಡುಗನಿಗೆ ಗ್ಯಾರೇಜಿನಲ್ಲಿ ನಿಪ್ಪಲ್ ಎಲ್ಲಿದೆಯೆಂದು ತೋರದು. ಕಣ್ಣು ಮುಚ್ಚಿ ನಿಪ್ಪಲ್ ಬಿಚ್ಚುವ ಫಿಟ್ಟರನಿಗೆ ಪ್ಯಾಸ್ಕಲನ ಹೆಸರು ಗೊತ್ತಿರದು. ಈ ಇಬ್ಬರನ್ನೂ ಒಂದೇ ಜೀಪಿನಡಿಯಲ್ಲಿ ಮಲಗಿಸಿದರೆ ಕೆಲಸ ಬೇಗ ಆಗುವುದೆಂದು ನಮ್ಮ ನಂಬಿಕೆ.

ಕ್ಲಚ್ಚಿನ ಕೆಲಸ ಇಷ್ಟೇ. ಎಂಜಿನಿನ ಫ್ಲೈವೀಲಿಗೂ ಪ್ರೆಶರ್ ಪ್ಲೇಟಿಗೂ ನಡುವೆ ಕ್ಲಚ್ ಪ್ಲೇಟು ಸ್ಪ್ರಿಂಗಿನ ಬಲದಿಂದ ಅದುಮಿಕೊಂಡಿರುತ್ತದೆ. ಪೆಡಲನ್ನು ತುಳಿದಾಗ ಪ್ರೆಶರ್ ಪ್ಲೇಟು ಹಿಂದೆ ಸರಿದು, ಪ್ಲೇಟು ಬಿಡುಗಡೆ ಹೊಂದಿ, ಎಂಜಿನಿಗೂ ಚಕ್ರಗಳಿಗೂ ಸಂಬಂಧ ಕಡಿಯುತ್ತದೆ. ಆಗಲೇ ಗೇರು ಸುಖವಾಗಿ ಬೀಳುವುದು. ಆದರೆ ಪ್ರೆಶರ್ ಪ್ಲೇಟು ಸರಿಯುವ ದೂರವೆಷ್ಟು? ಒಂದೂವರೆ ಎರಡು ಮಿಲಿಮೀಟರು. ನಮ್ಮ ಕಾಲು ಒಂದು ಗೇಣಿನಷ್ಟು ಚಲಿಸಿದರೆ ಅಲ್ಲಿ ಭತ್ತದ ಕಾಳಿನ ದಪ್ಪದಷ್ಟು ಚಲನೆ. ದಾರಿಯಲ್ಲಿ ಸ್ವಲ್ಪ ಸೋರಿಹೋದರೂ ಕೊನೆಗೆ ಉಳಿಯುವುದು ಶೂನ್ಯ.

ಈ ಸೋರಿಕೆಯನ್ನು ಅಂಕೆಗಳಲ್ಲಿ ನೋಡಿದರೆ ಆಶ್ಚರ್ಯವಾಗುತ್ತದೆ. ಮಾಸ್ಟರ್ ಸಿಲಿಂಡರಿನ ಒಳವ್ಯಾಸ 5/8 ಅಂಗುಲ, ಅದರ ಪಿಸ್ಟನ್ನು ಒಂದು ತುಳಿತಕ್ಕೆ 30 ಮಿಲಿಮೀಟರು ಚಲಿಸುವುದೆಂದು ಇಟ್ಟುಕೊಳ್ಳೋಣ. ಆಗ ಅದು ಮುಂದಕ್ಕೆ ನೂಕುವ ಎಣ್ಣೆ ಸುಮಾರು 6 ಘನ ಸೆಂಟಿಮೀಟರು; ಔಷಧದ ಚಮಚದ ತುಂಬ ಒಂದು, ಮೇಲೆ ನಾಲ್ಕು ತೊಟ್ಟು. ಇಡೀ ಜೀಪಿನ ಕ್ಲಚ್ಚು ನಡೆಯುವುದು ಈ ಚಮಚದ ಎಣ್ಣೆಯ ಮೇಲೆ. ಕೊಳವೆಯಲ್ಲಿ 1 ಘನ ಸೆಂಟಿಮೀಟರಿನಷ್ಟು ಗಾಳಿಯ ಗುಳ್ಳೆ ನಿಂತಿದ್ದರೆ, ಪೆಡಲು ತುಳಿದಾಗ ಆ ಗಾಳಿ ಮೊದಲು ಕುಗ್ಗಿ ಕುಗ್ಗಿ ಸಾಸಿವೆಯಷ್ಟಾಗುತ್ತದೆ. ಅದು ಕುಗ್ಗುವವರೆಗೆ ನೂಕಿದ ಎಣ್ಣೆಯೆಲ್ಲ ವ್ಯರ್ಥ. ಎಂದರೆ ಆರರಲ್ಲಿ ಒಂದು ಪಾಲು ಹೋಯಿತು. ದ್ರವವು ಕುಗ್ಗದು, ಗಾಳಿ ಕುಗ್ಗುವುದು: ಮೆತ್ತಗೆ ಎಂಬ ಅನುಭವದ ಹುಟ್ಟು ಇದರಲ್ಲಿದೆ.

ಆದರೆ ಮೆತ್ತಗೆ ಎಂಬ ಶಬ್ದವನ್ನು ನಂಬಿ ಸ್ಪ್ಯಾನರು ಹಿಡಿಯಬಾರದು. ಕಾನಸೂರಿನ ಕಡೆಯ ಹವ್ಯಕರು ‘ಕ್ಲಚ್ಚು ಮೆತ್ತಗಾಯ್ದು’ ಎಂದಾಗ, ಬಯಲುಸೀಮೆಯವರು ‘ಕ್ಲಚ್ ಲೂಸಾಗೈತಿ’ ಎಂದಾಗ, ಆ ಒಂದು ಮಾತಿನ ಹಿಂದೆ ಬೇರೆ ಬೇರೆ ರೋಗಗಳು ಅಡಗಿರುತ್ತವೆ. ವೈದ್ಯನು ‘ಹೊಟ್ಟೆನೋವು’ ಎಂದ ರೋಗಿಯನ್ನು ಎಲ್ಲಿ, ಯಾವಾಗ, ಎಂತಹ ನೋವು ಎಂದು ಕೇಳುವಂತೆ ಇಲ್ಲಿಯೂ ಕೇಳಬೇಕಾಗುತ್ತದೆ. ಪೆಡಲು ಹಸಿ ಹಿಟ್ಟನ್ನು ತುಳಿದಂತೆ ಪುಟಿಯುತ್ತಿದೆಯೇ? ಹಾಗಿದ್ದರೆ ಎಣ್ಣೆಯಲ್ಲಿ ಗಾಳಿ ಅಥವಾ ಆವಿ ಸೇರಿದೆ. ತುಳಿದು ಹಿಡಿದುಕೊಂಡರೆ ಮೊದಲು ನಿಂತು ಅನಂತರ ಮೆಲ್ಲಮೆಲ್ಲನೆ ತಳಕ್ಕೆ ಇಳಿಯುತ್ತದೆಯೇ? ಆಗ ಎಣ್ಣೆ ಎಲ್ಲಿಯೋ ದಾರಿ ಮಾಡಿಕೊಂಡಿದೆ. ಹೊರಗೆ ಸೋರುತ್ತಿಲ್ಲವಾದರೆ ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರು ಬಟ್ಟಲು ಸವೆದು ಎಣ್ಣೆಯನ್ನು ಹಿಂದಕ್ಕೆ ಬಿಡುತ್ತಿದೆ. ಪುಟಿಯದೆ, ಇಳಿಯದೆ, ಬರಿದೆ ಹಗುರವಾಗಿದೆಯೇ? ಇದು ರೋಗವಲ್ಲದಿರಲೂಬಹುದು, ಹೊಸ ಎಂಜಿನಿನೊಡನೆ ಬಂದ ಕ್ಲಚ್ಚಿನ ಸ್ಪ್ರಿಂಗು ಹಗುರವಾದುದಾಗಿರಬಹುದು, ಅಥವಾ ಸಿಲಿಂಡರುಗಳ ಅಳತೆ ಹೊಂದದೆ ಇರಬಹುದು. ಹಗುರವಾದ ಪೆಡಲಿನೊಡನೆ ಏರಿನಲ್ಲಿ ಎಂಜಿನು ಕೂಗಿದರೂ ಗಾಡಿ ಮುಂದರಿಯದಿದ್ದರೆ ಮಾತ್ರ ಸ್ಪ್ರಿಂಗಿನ ಮೇಲೆ ಅನುಮಾನಪಡಬೇಕು.

ಅಳತೆ ಹೊಂದದಿರುವ ಮಾತನ್ನು ಕೊಂಚ ವಿಸ್ತರಿಸುವುದು ಅವಶ್ಯಕ. ಎಂಜಿನು ಬದಲಾದ ಗಾಡಿಗಳಲ್ಲಿ ಈ ದೋಷವೇ ಹೆಚ್ಚು, ಮತ್ತು ಇದನ್ನು ಯಾರೂ ಮೊದಲು ನೆನೆಯುವುದಿಲ್ಲ. ಮೇಲೆ ಹೇಳಿದ 5/8 ಅಂಗುಲದ ಮಾಸ್ಟರಿಗೆ 7/8 ಅಂಗುಲದ ಸ್ಲೇವನ್ನು ಜೋಡಿಸಿದ್ದಾರೆನ್ನಿ. ಎರಡರ ಅಡ್ಡಕೊಯ್ತದ ವಿಸ್ತೀರ್ಣಗಳ ಪ್ರಮಾಣ ಸುಮಾರು ಒಂದಕ್ಕೆ ಎರಡು. ಮಾಸ್ಟರಿನಲ್ಲಿ 30 ಮಿಲಿಮೀಟರಿನ ಚಲನೆ ಸ್ಲೇವಿನಲ್ಲಿ 15 ಮಾತ್ರ ಆಗುವುದು. ಆ ಗೇರುಪೆಟ್ಟಿಗೆಯ ಕವಲುಸನ್ನೆಗೆ 15 ಸಾಕಾದರೆ ಸಂತೋಷ. 20 ಬೇಕಾಗಿದ್ದರೆ, ಆ ಪೆಡಲಿನಿಂದ ಪ್ರಪಂಚದಲ್ಲಿ ಯಾರು ತುಳಿದರೂ ಕ್ಲಚ್ಚು ಪೂರ್ತಿ ಬಿಡುವುದಿಲ್ಲ. ಮಾಸ್ಟರನ್ನು 3/4 ಅಂಗುಲದ್ದಕ್ಕೆ ಬದಲಿಸಿದರೆ ಸ್ಲೇವಿನ ಚಲನೆ 22 ಮಿಲಿಮೀಟರಿಗೆ ಏರುತ್ತದೆ; ಅದರ ಬೆಲೆಯಾಗಿ ಕಾಲಿನ ಶ್ರಮ ಹೆಚ್ಚುಕಡಮೆ ಒಂದೂವರೆಯಷ್ಟಾಗುತ್ತದೆ. ಚಲನೆ ಬೇಕಾದವನು ಬಲವನ್ನು ತೆರಬೇಕು, ಬಲದಲ್ಲಿ ಉಳಿಸಿದವನು ಚಲನೆಯನ್ನು ಕಳೆದುಕೊಳ್ಳಬೇಕು. ಇದರಲ್ಲಿ ಮೇಸ್ತ್ರಿಯ ಚಾತುರ್ಯ ನಡೆಯದು. ಆದುದರಿಂದ ಪೆಡಲು ‘ಬೆಣ್ಣೆಯ ಹಾಗೆ’ ಇದೆಯೆಂದು ಹೊಗಳುತ್ತಿರುವ ಯಜಮಾನನ ಜೀಪಿನಲ್ಲಿ ಗೇರು ಕರಕರ ಎನ್ನುತ್ತಿದ್ದರೆ, ಆ ಬೆಣ್ಣೆಯೇ ಕಾರಣವಾಗಿರುವ ಸಂಭವ ಉಂಟು.

ಪರೀಕ್ಷೆಯನ್ನು ಯಾವ ಕ್ರಮದಲ್ಲಿ ಮಾಡಬೇಕು? ಗೇರುಪೆಟ್ಟಿಗೆಯನ್ನು ಇಳಿಸುವುದು ಕಟ್ಟಕಡೆಯ ಕೆಲಸ. ನಮ್ಮಲ್ಲಿ ಅದನ್ನು ಮೊದಲ ಕೆಲಸವಾಗಿ ಮಾಡುವವರೇ ಹೆಚ್ಚು. ಖರ್ಚಿಲ್ಲದ ಪರೀಕ್ಷೆಗಳೆಲ್ಲ ಮುಗಿದಮೇಲೆ ಖರ್ಚಿನ ಪರೀಕ್ಷೆ ಬರಬೇಕು. ಎಣ್ಣೆಯ ಡಬ್ಬಿಯ ಮಟ್ಟವನ್ನು ನೋಡುವುದಕ್ಕೆ ಕಾಸು ಬೇಡ. ಪೆಡಲಿನ ಹಿಂಭಾಗದಲ್ಲಿ ಮಾಸ್ಟರಿನ ಸರಳು ಒಳಹೋಗುವಲ್ಲಿಯೂ, ಕೆಳಗೆ ಸ್ಲೇವಿನ ರಬ್ಬರು ಟೊಪ್ಪಿಗೆಯನ್ನು ಸರಿಸಿದಲ್ಲಿಯೂ ತೇವವಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡುವುದಕ್ಕೂ ಬೇಡ. ಮಳೆಗಾಲದಲ್ಲಿ ಜೀಪಿನಡಿ ಎಲ್ಲವೂ ತೇವವೇ. ಆದರೆ ಬ್ರೇಕಿನ ಎಣ್ಣೆ ಬೆರಳಿಗೆ ಜಾರುತ್ತದೆ, ನೀರು ಜಾರದು. ಆಮೇಲೆ ಒಬ್ಬನನ್ನು ಪೆಡಲಿನ ಮೇಲೆ ಕೂರಿಸಿ, ಇನ್ನೊಬ್ಬನು ಕೆಳಗೆ ಮಲಗಿ, ಸ್ಲೇವಿನ ಸರಳಿನ ಮೇಲೆ ಸೀಮೆಸುಣ್ಣದಿಂದ ಗೆರೆಯೆಳೆದು, ತುಳಿದಾಗ ಅದು ಎಷ್ಟು ಮಿಲಿಮೀಟರು ಚಲಿಸಿತೆಂದು ಅಳೆಯಬೇಕು. ಶಾಲೆಯ ಹುಡುಗರ ಅಡಿಪಟ್ಟಿ ಸಾಕು. ಎಂಜಿನು ನಿಂತಿರಬೇಕು, ಗೇರು ನ್ಯೂಟ್ರಲಿನಲ್ಲಿರಬೇಕು, ಚಕ್ರಕ್ಕೆ ಕಲ್ಲು ಕೊಟ್ಟಿರಬೇಕು; ಇದನ್ನು ಹೇಳುವ ಅವಶ್ಯಕತೆಯಿಲ್ಲವೆಂದು ತೋರಬಹುದು, ಆದರೂ ಹೇಳುತ್ತೇವೆ.

ಈ ಒಂದು ಅಳತೆ ರೋಗವನ್ನು ಎರಡು ಪಾಲಾಗಿ ಸೀಳುತ್ತದೆ. ಸರಳು ಲೆಕ್ಕದಂತೆ ಚಲಿಸುತ್ತಿದ್ದು ಗೇರು ಮಾತ್ರ ಕರಕರ ಎನ್ನುವುದಾದರೆ ಎಣ್ಣೆಯ ಏರ್ಪಾಟು ನಿರ್ದೋಷಿ. ದೋಷ ಗೇರುಪೆಟ್ಟಿಗೆಯ ಮುಂಭಾಗದ ಗೂಡಿನೊಳಗಿದೆ. ಒಂದು ಗಾಡಿಯ ಪ್ರೆಶರ್ ಪ್ಲೇಟಿಗೆ ಇನ್ನೊಂದು ಗಾಡಿಯ ರಿಲೀಸ್ ಬೇರಿಂಗನ್ನು ಹಾಕಿದಾಗ ಬೇರಿಂಗಿನ ಎತ್ತರ ಸಾಲದೆ, ಕವಲುಸನ್ನೆ ತನ್ನ ಚಲನೆಯ ಅರ್ಧವನ್ನು ಬರಿಯ ಸಂದು ತುಂಬುವುದರಲ್ಲೇ ಕಳೆಯುವುದುಂಟು. ಸರಳು ಲೆಕ್ಕಕ್ಕಿಂತ ಕಡಮೆ ಚಲಿಸುವುದಾದರೆ ಗೂಡನ್ನು ಮುಟ್ಟಬೇಡಿ. ದೋಷ ಪೆಡಲಿಗೂ ಸ್ಲೇವಿಗೂ ನಡುವೆಯೇ ಇದೆ. ಈಗ ಪೆಡಲನ್ನು ನಾಲ್ಕಾರು ಬಾರಿ ಬೇಗಬೇಗ ತುಳಿದು ನೋಡುವುದು. ತುಳಿದಂತೆಲ್ಲ ಗಟ್ಟಿಯಾಗಿ ಮೇಲೆದ್ದರೆ ಗಾಳಿಯೋ ಆವಿಯೋ ಇದೆ. ಎಷ್ಟು ತುಳಿದರೂ ಹಾಗೆಯೇ ಇದ್ದು, ಒತ್ತಿ ಹಿಡಿದರೆ ಇಳಿಯುವುದಾದರೆ ಮಾಸ್ಟರಿನ ಬಟ್ಟಲು. ಇನ್ನೂ ಸಂದೇಹವಿದ್ದರೆ ರಬ್ಬರು ಹೋಸನ್ನು ಮೊಂಡಾದ ಬಾಯಿಯ ಕ್ಲ್ಯಾಂಪಿನಿಂದ ಮೆಲ್ಲನೆ ಅದುಮಿ ಹಿಡಿದು ತುಳಿಯುವುದು. ಪೆಡಲು ಕಲ್ಲಿನಂತಾದರೆ ದೋಷ ಹೋಸಿನಿಂದ ಕೆಳಗೆ, ಮೆತ್ತಗೇ ಉಳಿದರೆ ಮೇಲೆ. ಇಕ್ಕಳದ ಹಲ್ಲಿನಿಂದ ಹಿಚುಕಿ ಹೋಸನ್ನು ಒಳಗೇ ಸೀಳುವ ಪದ್ಧತಿ ನಮ್ಮಲ್ಲಿದೆ. ಅದು ಒಂದು ರೋಗಕ್ಕೆ ಎರಡನೆಯದನ್ನು ಸೇರಿಸುವ ಚಿಕಿತ್ಸೆ.

ಇವೆಲ್ಲವನ್ನೂ ಮೀರಿದ ಇನ್ನೊಂದು ಕಾರಣ ಕಣ್ಣಿಗೇ ಕಾಣುವಂಥದು. ಮಾಸ್ಟರ್ ಸಿಲಿಂಡರನ್ನು ಕೂರಿಸಿರುವ ತಗಡು ತೆಳ್ಳಗಿದ್ದರೆ, ಪೆಡಲು ಒತ್ತಿದಾಗ ತಗಡೇ ಮುಂದಕ್ಕೆ ಬಾಗುತ್ತದೆ. ಮೂಲದಲ್ಲಿ ಆ ಜೀಪಿನ ತಗಡಿಗೆ ಈ ಭಾರವನ್ನು ಹೊರುವ ಕೆಲಸವಿರಲಿಲ್ಲ. ಬಾನೆಟ್ಟನ್ನೆತ್ತಿ ನೋಡುತ್ತಿರುವಾಗ ಒಬ್ಬನು ತುಳಿದರೆ ಸಿಲಿಂಡರು ತಲೆದೂಗುವುದು ಕಾಣುತ್ತದೆ. ಹಿಂದಿನಿಂದ ಒಂದು ದಪ್ಪ ಪಟ್ಟಿಯನ್ನು ಕೊಟ್ಟು ಬಿಗಿದರೆ ತೀರಿತು.

ಈಗ ಒಂದು ಪ್ರಸಂಗವನ್ನು ಹೇಳುತ್ತೇವೆ. ಕಾನಸೂರಿನ ಬಳಿಯ ತೋಟಿಗರೊಬ್ಬರಲ್ಲಿ ಡೀಸೆಲ್ ಎಂಜಿನು ಕೂರಿಸಿದ ಹಳೆಯ ಜೀಪೊಂದಿತ್ತು. ಅವರು ನಮ್ಮೊಡನೆ ಹೇಳಿಕೊಂಡದ್ದು ಹೀಗೆ: “ಮಾಸ್ತರೇ, ಬೆಳಗ್ಗೆ ಹೊರಡಕ್ಕಾದ್ರೆ ಗಟ್ಟಿ ಇರ್ತು. ಕುಮಟೆಗೆ ಹೋಗಿ ಘಟ್ಟ ಹತ್ತಿ ಬಪ್ಪಷ್ಟೊತ್ತಿಗೆ ಮೆತ್ತಗಾಗ್ತು. ಅರ್ಧ ತಾಸು ನಿಲ್ಸಿರೆ ಮತ್ತೆ ಸರಿ.” ದೇವಿಮನೆ ಘಟ್ಟದ ತಿರುವುಗಳಲ್ಲಿ ಕೆಳಗಿನ ಗೇರಿಗೆ ಬದಲಿಸಬೇಕಾದಾಗ ಕ್ಲಚ್ಚು ಬಿಡದೆ, ಎಂಜಿನು ನಿಂತು, ಹಿಂದೆ ಬರುತ್ತಿದ್ದ ಲಾರಿ ಬ್ರೇಕು ಹಾಕುವಷ್ಟರಲ್ಲಿ ಜೀಪು ಒಂದು ಮಾರು ಹಿಂದಕ್ಕೆ ಜಾರಿತ್ತು. ಒಳಗೆ ಜ್ವರದ ಮಗುವಿತ್ತು. ಅಷ್ಟರಲ್ಲಾಗಲೇ ಅವರು ಒಂದು ಗ್ಯಾರೇಜಿನಲ್ಲಿ ಗೇರುಪೆಟ್ಟಿಗೆಯನ್ನು ಇಳಿಸಿ ಹೊಸ ಪ್ಲೇಟು, ಹೊಸ ಬೇರಿಂಗು ಹಾಕಿಸಿದ್ದರು. ಎರಡನೆಯ ಸಲ ಮಾಸ್ಟರಿನ ಕಿಟ್ಟನ್ನೂ ಬದಲಿಸಿದ್ದರು. ಹಣ ಹೋಗಿತ್ತು, ರೋಗ ಹೋಗಿರಲಿಲ್ಲ. ಮಗುವನ್ನು ಅದರಲ್ಲಿ ಕೂರಿಸುವುದಿಲ್ಲವೆಂದು ಮನೆಯ ಹೆಂಗಸರು ಹಟ ಹಿಡಿದಿದ್ದರು, ಹಟ ನ್ಯಾಯವಾದುದೇ.

ಆ ಊರಿನಲ್ಲಿಯೇ ಬಹುಕಾಲ ಲಾರಿಗಳ ಕೆಲಸ ಮಾಡಿ ನಿವೃತ್ತನಾಗಿದ್ದ ಮುದುಕ ಫಿಟ್ಟರನೊಬ್ಬನು ಜೀಪನ್ನು ನೋಡಿದನು. ನಾವು ಅಡಿಪಟ್ಟಿ ಹಿಡಿದು ಕೆಳಗಿದ್ದೆವು. ತಣ್ಣಗಿದ್ದಾಗ ಸ್ಲೇವಿನ ಸರಳು 13 ಮಿಲಿಮೀಟರು ಚಲಿಸಿತು. ಮಾಸ್ಟರು 5/8, ಸ್ಲೇವು 7/8. ಲೆಕ್ಕದಂತೆ 15 ಇರಬೇಕು. ಸೋರಿಕೆ ಎಲ್ಲಿಯೂ ಇಲ್ಲ. ಒತ್ತಿ ಹಿಡಿದರೆ ಪೆಡಲು ಇಳಿಯುವುದಿಲ್ಲ. ಆಮೇಲೆ ಜೀಪನ್ನು ಸುತ್ತಲಿನ ಏರುಗಳಲ್ಲಿ ಕೆಳಗಿನ ಗೇರಿನಲ್ಲಿ ಒಂದು ಗಂಟೆಯ ಕಾಲ ದುಡಿಸಿ ತಂದು ಮತ್ತೆ ಅಳೆದಾಗ ಚಲನೆ 8ಕ್ಕೆ ಇಳಿದಿತ್ತು. ಬೇಗಬೇಗ ತುಳಿದರೆ ಕೊಂಚ ಮೇಲೇಳುತ್ತಿತ್ತು.

ಇಲ್ಲಿ ಎರಡು ಪ್ರಶ್ನೆಗಳಿದ್ದವು. ತಣ್ಣಗಿದ್ದಾಗಲೂ ಕಾಣೆಯಾಗಿದ್ದ 2 ಮಿಲಿಮೀಟರು ಎಲ್ಲಿ ಹೋಯಿತು? ಬಿಸಿಯಾದಾಗ ಹೋಗುವ ಮಿಕ್ಕ 5 ಎಲ್ಲಿಗೆ ಹೋಗುತ್ತದೆ? ಮೊದಲನೆಯದಕ್ಕೆ ಉತ್ತರವನ್ನು ಮುದುಕನು ಟಾರ್ಚು ಹಾಕಿ ತೋರಿಸಿದನು. ಸ್ಲೇವ್ ಸಿಲಿಂಡರಿನ ನಿಪ್ಪಲ್ ಕೆಳಮುಖವಾಗಿತ್ತು. ಗಾಳಿಯ ಗುಳ್ಳೆ ಯಾವಾಗಲೂ ಮೇಲಕ್ಕೆ ಏರುವುದು. ಅದನ್ನು ಹೊರಬಿಡುವ ಬಾಗಿಲು ನೆತ್ತಿಯಲ್ಲಿರಬೇಕು. ಈ ಸಿಲಿಂಡರು ಮೂಲದಲ್ಲಿ ಬೇರೊಂದು ಗಾಡಿಯ ಗೇರುಪೆಟ್ಟಿಗೆಯ ಮತ್ತೊಂದು ಮಗ್ಗುಲಿಗೆ ಎರಕಹೊಯ್ದದ್ದು. ಇಲ್ಲಿ ಮಗುಚಿ ಬಿಗಿದಿದ್ದರಿಂದ ಬಾಗಿಲು ನೆಲಮಾಳಿಗೆಗೆ ಬಂದಿತ್ತು. ನಿಪ್ಪಲಿನಿಂದ ಶುದ್ಧವಾದ ಎಣ್ಣೆ ಗುಳ್ಳೆಯಿಲ್ಲದೆ ಹರಿಯುತ್ತಿದ್ದುದನ್ನು ನೋಡಿ ಗ್ಯಾರೇಜಿನವರು ಏರ್ ಹೋಯಿತೆಂದು ತಿಳಿದಿದ್ದರು. ಏರ್ ಸಿಲಿಂಡರಿನ ನೆತ್ತಿಯಲ್ಲಿ ಆರಾಮವಾಗಿ ಕುಳಿತಿತ್ತು. ನೂರು ಸಲ ಬ್ಲೀಡ್ ಮಾಡಿದರೂ ಅದು ಏಳುತ್ತಿರಲಿಲ್ಲ. ಮುದುಕನು ಕೊಳವೆಯನ್ನು ಕಳಚದೆ ಸಿಲಿಂಡರಿನ ಎರಡು ಬೋಲ್ಟುಗಳನ್ನು ಮಾತ್ರ ಬಿಚ್ಚಿ, ಅದನ್ನು ಕೈಯಲ್ಲಿ ನಿಪ್ಪಲ್ ಮೇಲಾಗುವಂತೆ ಹಿಡಿದು, ಪಿಸ್ಟನ್ನು ಹೊರಹಾರದಂತೆ ಮರದ ತುಂಡಿನಿಂದ ಒತ್ತಿಕೊಂಡು ಗಾಳಿ ತೆಗೆದನು. ಮೊದಲ ತುಳಿತಕ್ಕೇ ನಿಪ್ಪಲ್ ಬುಸ್ಸೆಂದಿತು. ಮರಳಿ ಬಿಗಿದು ಅಳೆದಾಗ 15.

ಎರಡನೆಯ ಪ್ರಶ್ನೆಗೆ ಉತ್ತರ ಕೊಳವೆಯ ದಾರಿಯಲ್ಲಿತ್ತು. ಬರಿಯ ಗಾಳಿಯಾಗಿದ್ದರೆ ಬೆಳಗಿಗೂ ಸಂಜೆಗೂ ಅಷ್ಟೊಂದು ಭೇದ ಕಾಣಬಾರದು. ಬಿಸಿಯಲ್ಲಿ ಹುಟ್ಟಿ ತಣ್ಣಗಾದೊಡನೆ ಅಳಿಯುವ ವಸ್ತು ಆವಿ. ಹೊಸ ಎಂಜಿನಿನ ಹೊಗೆಕೊಳವೆ ಸ್ಲೇವಿನ ಪಕ್ಕಕ್ಕೇ ಇಳಿದು ಬಂದಿತ್ತು; ಕ್ಲಚ್ಚಿನ ಎಣ್ಣೆಕೊಳವೆ ಅದರಿಂದ ಎರಡು ಬೆರಳಿನ ದೂರದಲ್ಲಿ ಮೊಳದುದ್ದ ಸಾಗಿತ್ತು. ಘಟ್ಟವನ್ನೇರುವಾಗ ಹೊಗೆಕೊಳವೆ ಸುಡುತ್ತದೆ, ಗಾಡಿಯ ವೇಗ ಕಡಮೆಯಾದುದರಿಂದ ತಂಪು ಮಾಡುವ ಗಾಳಿಯೂ ಬೀಸದು. ಡಬ್ಬಿಯ ಎಣ್ಣೆಯೋ ಕಷಾಯದ ಬಣ್ಣಕ್ಕೆ ತಿರುಗಿತ್ತು. ಎಷ್ಟು ವರ್ಷದ್ದೆಂದು ಯಜಮಾನರಿಗೂ ನೆನಪಿರಲಿಲ್ಲ.

ಬ್ರೇಕಿಗೂ ಕ್ಲಚ್ಚಿಗೂ ಹಾಕುವ ಎಣ್ಣೆ ಹೆಸರಿಗೆ ಎಣ್ಣೆ. ಅದು ಎಣ್ಣೆಯ ಜಾತಿಯದಲ್ಲ. ಬ್ರೇಕಿನ ಆದಿಕಾಲದಲ್ಲಿ ಹರಳೆಣ್ಣೆಗೆ ಮದ್ಯಸಾರ ಬೆರಸಿ ಉಪಯೋಗಿಸುತ್ತಿದ್ದರು. ಈಗಿನದು ಗ್ಲೈಕಾಲ್ ವರ್ಗದ ದ್ರವ. ಅದರ ಗುಣವೂ ಅವಗುಣವೂ ಒಂದೇ, ಗಾಳಿಯಲ್ಲಿನ ತೇವವನ್ನು ಹೀರುವುದು. ಡಾಟ್ 3 ಎಂಬ ದರ್ಜೆಯ ಹೊಸ ದ್ರವ ಕುದಿಯುವುದಕ್ಕೆ ಕನಿಷ್ಠ 205 ಡಿಗ್ರಿ ಸೆಂಟಿಗ್ರೇಡು ಬೇಕೆಂದು ನಿಯಮ. ಅದೇ ದ್ರವ ನೂರಕ್ಕೆ ನಾಲ್ಕು ಪಾಲಿನಷ್ಟು ನೀರನ್ನು ಹೀರಿಕೊಂಡಮೇಲೆ 140 ಡಿಗ್ರಿಗೆ ಕುದಿಯಬಹುದು. ಡಾಟ್ 4ರಲ್ಲಿ ಈ ಅಂಕೆಗಳು 230 ಮತ್ತು 155. ತಿಂಗಳುಗಟ್ಟಲೆ ಒಗೆದ ಬಟ್ಟೆ ಒಣಗದ, ಪುಸ್ತಕದ ರಟ್ಟಿಗೆ ಬೂಸಲು ಹಿಡಿಯುವ ಮಲೆನಾಡಿನಲ್ಲಿ, ಆ ಡಬ್ಬಿಯ ದ್ರವಕ್ಕೆ ನೀರಿನ ಕೊರತೆಯಾಗುವುದುಂಟೇ? ಒಟ್ಟು 6 ಘನ ಸೆಂಟಿಮೀಟರಿನ ವ್ಯವಹಾರದಲ್ಲಿ ಎರಡು ಘನ ಸೆಂಟಿಮೀಟರು ಆವಿಯಾಗಿ ನಿಂತರೆ 5 ಮಿಲಿಮೀಟರು ಹೋಯಿತು. ಲೆಕ್ಕ ಸರಿಹೊಂದಿತು.

ಕೊಳವೆಯನ್ನು ಚೌಕಟ್ಟಿನ ಆಚೆಯ ಮಗ್ಗುಲಿನಿಂದ ತಿರುಗಿಸಿ ತಂದರು. ತಪ್ಪಿಸಲಾಗದ ಕಡೆ ಹೊಗೆಕೊಳವೆಗೂ ಅದಕ್ಕೂ ನಡುವೆ ತಗಡಿನ ಮರೆ ಕೊಟ್ಟರು. ಹಳೆಯ ದ್ರವವನ್ನೆಲ್ಲ ಬಸಿದು ಹೊಸ ಡಾಟ್ 4 ತುಂಬಿದರು. ಒಂದು ವಿಷಯದಲ್ಲಿ ಮುದುಕನಿಗೂ ನಮಗೂ ಚರ್ಚೆ ನಡೆಯಿತು. ಹೊಸ ದಾರಿಯಲ್ಲಿ ಕೊಳವೆ ನಡುವೆ ಒಂದು ಕಡೆ ಮಾಸ್ಟರಿಗಿಂತಲೂ ಎತ್ತರಕ್ಕೆ ಏರಿ ಗೂನು ಮಾಡಿಕೊಂಡಿತ್ತು. ಗಾಳಿ ಅಲ್ಲಿ ನಿಲ್ಲುವುದೆಂದು ನಾವು ಹೇಳಿದೆವು. ಅವನು ನಕ್ಕು, ವೈದ್ಯರ ದೊಡ್ಡ ಸಿರಿಂಜಿನಿಂದ ಕೆಳಗಿನ ನಿಪ್ಪಲಿನ ಮೂಲಕ ದ್ರವವನ್ನು ಮೇಲಕ್ಕೆ ನೂಕಿ, ಗುಳ್ಳೆಗಳು ಡಬ್ಬಿಯಲ್ಲಿ ಬಂದು ಒಡೆಯುವುದನ್ನು ತೋರಿಸಿದನು. ಆದರೂ ಮರುದಿನ ಬಂದು ಆ ಗೂನನ್ನು ತಾನೇ ತಗ್ಗಿಸಿ ಬಿಗಿದು ಹೋದನು. ಆಮೇಲೆ ಅದೇ ಏರುಗಳಲ್ಲಿ ಅಷ್ಟೇ ಹೊತ್ತು ದುಡಿಸಿ ಅಳೆದಾಗ ಬಿಸಿಯಲ್ಲಿಯೂ ಸರಳು 15 ಮಿಲಿಮೀಟರು ಚಲಿಸಿತು. ಹೊಸ ಪ್ಲೇಟು, ಬೇರಿಂಗುಗಳಿಗೆ ಸುರಿದ ಹಣ ಮಾತ್ರ ಹೋದದ್ದು ಹೋಯಿತು.

ಈ ಪ್ರಸಂಗದಲ್ಲಿ ತಪ್ಪು ಮೇಸ್ತ್ರಿಯದೆಂದು ಪೂರ್ತಿ ಹೇಳುವಂತಿಲ್ಲ. ಕಾರ್ಖಾನೆಯಲ್ಲಿ ಒಂದು ಗಾಡಿಯನ್ನು ರೂಪಿಸುವಾಗ ಕೊಳವೆ ಎಲ್ಲಿ ಹೋಗಬೇಕು, ಹೊಗೆಕೊಳವೆ ಎಷ್ಟು ದೂರವಿರಬೇಕು ಎಂಬುದನ್ನು ಹತ್ತು ಜನ ಕುಳಿತು ಯೋಚಿಸಿರುತ್ತಾರೆ. ಎಂಜಿನು ಬದಲಿಸಿದೊಡನೆ ಆ ಯೋಚನೆಯೆಲ್ಲ ರದ್ದಾಗಿ, ಅದರ ಹೊಣೆ ಒಬ್ಬ ಮೇಸ್ತ್ರಿಯ ತಲೆಗೆ ಬರುತ್ತದೆ. ಅವನಿಗೆ ಕೊಡುವ ಕೂಲಿಯಾದರೋ ಬೋಲ್ಟು ಬಿಗಿಯುವುದಕ್ಕೆ ಮಾತ್ರ. ಕಾಯಿದೆಯೂ ಇಂಥ ಮಾರ್ಪಾಡುಗಳನ್ನು ಸಂಶಯದಿಂದಲೇ ನೋಡುತ್ತದೆ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ಇದಕ್ಕೆ ಸಂಬಂಧಿಸಿದ್ದು. ತಯಾರಕರು ಕೊಟ್ಟ ವಿವರಗಳಿಗೆ ವಿರೋಧವಾಗುವಂತೆ ವಾಹನವನ್ನು ಬದಲಿಸಕೂಡದೆಂದು 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹೇಳಿತು. ಎಂಜಿನನ್ನು ಬದಲಿಸುವವರು ಮೊದಲೇ ನೋಂದಣಿ ಅಧಿಕಾರಿಗಳ ಒಪ್ಪಿಗೆ ಪಡೆಯಬೇಕು. ಕಾನಸೂರಿನವರಿಗೆ ಆ ಕಚೇರಿ ಶಿರಸಿಯಲ್ಲಿಯೇ ಇದೆ. ಕೆಎ 31 ಎಂಬ ಅಂಕೆ ಅಲ್ಲಿಯದು. ಪುಸ್ತಕದಲ್ಲಿ ಒಂದು ಎಂಜಿನು, ಗಾಡಿಯಲ್ಲಿ ಇನ್ನೊಂದು ಇದ್ದರೆ ಅಪಘಾತವಾದ ದಿನ ವಿಮೆಯವರೊಡನೆ ವಾದಿಸುವುದು ಕಷ್ಟ.

ಘಟ್ಟದ ನಡುವೆ ಕ್ಲಚ್ಚು ತಳಕ್ಕೆ ಹೋದರೆ ಏನು ಮಾಡಬೇಕೆಂದು ಕೇಳುವವರುಂಟು. ಇಳಿಜಾರಿನಲ್ಲಿ ಗೇರನ್ನು ಬಲವಂತವಾಗಿ ಬಿಡಿಸಲು ಹೋಗಬಾರದು. ಬಿದ್ದಿರುವ ಗೇರಿನಲ್ಲಿಯೇ ಬ್ರೇಕು ಹಿಡಿದು, ಎಂಜಿನು ನಿಂತರೆ ನಿಲ್ಲಲೆಂದು ಅಂಚಿಗೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡುವುದು. ನ್ಯೂಟ್ರಲಿಗೆ ತಂದ ಗಾಡಿಗೆ ಮತ್ತೆ ಗೇರು ಬೀಳುವ ಭರವಸೆಯಿಲ್ಲ. ದೇವಿಮನೆ, ಅರಬೈಲು ಘಟ್ಟಗಳಲ್ಲಿ ಬರಿಯ ಬ್ರೇಕನ್ನು ನಂಬಿ ಇಳಿಯುವುದು ಪ್ರಾಣಕ್ಕೆ ಸಂಚಕಾರ. ಕೆಲವು ಗಾಡಿಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಎಣ್ಣೆಯ ಡಬ್ಬಿ ಒಂದೇ. ಅಂಥದರಲ್ಲಿ ಕ್ಲಚ್ಚು ಸೋರುತ್ತಿದ್ದರೆ ಬ್ರೇಕಿನ ಎಣ್ಣೆಯನ್ನೂ ಆಗಲೇ ನೋಡಬೇಕು. ಸಮತಟ್ಟಾದ ಕಡೆಯಲ್ಲಾದರೆ ಎಂಜಿನನ್ನು ನಿಲ್ಲಿಸಿ, ಒಂದನೆಯ ಗೇರಿಗೆ ಹಾಕಿ, ಸ್ಟಾರ್ಟರಿನಿಂದಲೇ ಗಾಡಿಯನ್ನು ಕದಲಿಸಿ ರಸ್ತೆಯಿಂದ ಪಕ್ಕಕ್ಕೆ ತರಬಹುದು. ಅದಕ್ಕಿಂತ ಹೆಚ್ಚಿನ ಪ್ರಯಾಣಕ್ಕೆ ಆ ಉಪಾಯ ತಕ್ಕದ್ದಲ್ಲ.

ದ್ರವವನ್ನು ಬದಲಿಸಲು ಮಳೆಗಾಲ ಕಳೆದು ದೀಪಾವಳಿಯ ಹೊತ್ತಿನ ಒಣ ದಿನಗಳು ಒಳ್ಳೆಯವು. ಎರಡು ವರ್ಷಕ್ಕೊಮ್ಮೆಯಾದರೂ ಆಗಬೇಕು. ಹೊಸ ಡಬ್ಬಿಯನ್ನು ಆಗಲೇ ಕೊಂಡು ಆಗಲೇ ತೆರೆಯುವುದು. ಅರ್ಧ ಉಳಿದುದನ್ನು ಕೊಟ್ಟಿಗೆಯ ಮಾಡದಲ್ಲಿಟ್ಟು ಮುಂದಿನ ವರ್ಷಕ್ಕೆ ಬಳಸುವವರು ನೀರನ್ನೇ ಬಳಸಿದಂತೆ. ಎಂಜಿನ್ ಆಯಿಲನ್ನು, ಸೀಮೆಎಣ್ಣೆಯನ್ನು ಒಂದು ತೊಟ್ಟೂ ತಾಕಿಸಬಾರದು. ಒಳಗಿನ ರಬ್ಬರು ಬಟ್ಟಲುಗಳು ಉಬ್ಬಿ ಕೆಡುತ್ತವೆ. ದ್ರವವು ಬಣ್ಣದ ಮೇಲೆ ಚೆಲ್ಲಿದರೆ ಬಣ್ಣವೇ ಏಳುವುದರಿಂದ ಕೂಡಲೇ ನೀರು ಹೊಯ್ದು ತೊಳೆಯಬೇಕು. ಕೆಲಸ ಮುಗಿದಮೇಲೆ ಎಂಜಿನನ್ನು ಚಾಲೂ ಮಾಡಿ, ಪೆಡಲನ್ನು ಪೂರ್ತಿ ತುಳಿದು, ಮನಸ್ಸಿನಲ್ಲಿ ಐದು ಎಣಿಸಿ ರಿವರ್ಸ್ ಗೇರಿಗೆ ಹಾಕಿ ನೋಡುವುದು. ಸದ್ದಿಲ್ಲದೆ ಬಿದ್ದರೆ ಕ್ಲಚ್ಚು ಬಿಡುತ್ತಿದೆ. ಕರ್ರೆಂದರೆ ಮತ್ತೆ ಸೀಮೆಸುಣ್ಣವನ್ನೂ ಅಡಿಪಟ್ಟಿಯನ್ನೂ ತೆಗೆದುಕೊಂಡು ಕೆಳಗೆ ಮಲಗಬೇಕು.